ಗುಜರಿಯವನಿಗೆ ಸ್ವಲ್ಪ ಕಾಯಲು ಹೇಳಿ

ಪತ್ರ: ಮಾವನವರು 1970ರ ದಶಕದಲ್ಲಿ ಕಟ್ಟಿಸಿದ ಮನೆ ಮಾರಲು ಹೊರಟಿದ್ದೇವೆ. ಪೂರ್ತಿ ಖಾಲಿ ಮಾಡಿ ಸುಣ್ಣಬಣ್ಣ ಹೊಡೆಸಿದರೆ ಒಳ್ಳೆ ರೇಟು ಬರುತ್ತದೆ ಎನ್ನುತ್ತಾರೆ ಬ್ರೋಕರ್. ಅಮೆರಿಕದಲ್ಲಿರುವ ಮಗನೂ "ಎಲ್ಲ ಗುಜರಿಗೆ ಹಾಕಮ್ಮ" ಅನ್ನುತ್ತಾನೆ. ಅಟ್ಟದ ಟ್ರಂಕಿನಲ್ಲಿ ಮಾವನವರ ಲೆಕ್ಕದ ಡೈರಿ, ರಸೀದಿಗಳು ತುಂಬಿವೆ. ಕೊಡಲು ಕೈ ಬರುತ್ತಿಲ್ಲ. ನನ್ನದು ಅತಿಯಾಯಿತಾ?
— ನಿವೃತ್ತ ಶಿಕ್ಷಕಿ, ಮೈಸೂರು

ಸಂಪಾದಕರ ಉತ್ತರ: ಅತಿ ಏನೂ ಆಗಿಲ್ಲ ಟೀಚರ್. ಬ್ರೋಕರ್ ಮಾತಿನಲ್ಲೂ ನ್ಯಾಯ ಇದೆ, ಅದನ್ನು ಮೊದಲು ಮುಗಿಸಿಬಿಡೋಣ. ಬೀರು, ಮಂಚಗಳ ನಡುವೆ ಅಡ್ಡಡ್ಡ ನಡೆಯಬೇಕಾದ ಮನೆ ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ. ಕೈ ಮುರಿದ ಕುರ್ಚಿ, ಕೆಟ್ಟ ಮಿಕ್ಸಿ, ಮುಚ್ಚಳ ಕಳೆದುಕೊಂಡ ಡಬ್ಬಗಳು, ಬ್ಯಾಗಿನೊಳಗೆ ತುರುಕಿಟ್ಟ ಬ್ಯಾಗುಗಳು ಇವತ್ತೇ ಹೋಗಲಿ.

ಸುಣ್ಣಬಣ್ಣ ಮಾತ್ರ ಯಾಕೋ ನನಗೆ ಒಪ್ಪಿಗೆಯಿಲ್ಲ. ಫ್ಲಾಟ್ ಆಗಿದ್ದರೆ ಸರಿ. ಅಷ್ಟು ಹಳೇ ಮನೆಗೆ ಬರುವವರು ಹೆಚ್ಚಾಗಿ ಕೊಳ್ಳುವುದು ಸೈಟನ್ನು. ಅಳತೆ ಎಷ್ಟು, ಯಾವ ದಿಕ್ಕು, ರಸ್ತೆ ಎಷ್ಟು ಅಡಿ ಅಂತ ಕೇಳುತ್ತಾರೆ. ರಿಜಿಸ್ಟ್ರೇಷನ್ ಆದ ಮೇಲೆ ತೇಗದ ಬಾಗಿಲು, ಕಿಟಕಿ ಬಿಚ್ಚಿ ಮಾರಿ, ಜೆಸಿಬಿ ತರಿಸುತ್ತಾರೆ. ಜೆಸಿಬಿಗೆ ಗೋಡೆಯ ಬಣ್ಣ ಕಟ್ಟಿಕೊಂಡು ಏನಾಗಬೇಕು?

ಕೊಳ್ಳುವವರ ಲಾಯರ್ ಕೇಳುವುದು ಕಾಗದ. ಆ ಕಾಲದ ಮೈಸೂರಿನ ಬಡಾವಣೆಯಾದರೆ ಆಗ ಸೈಟು ಹಂಚುತ್ತಿದ್ದ ನಗರ ಸುಧಾರಣಾ ಬೋರ್ಡ್ ಸಿಐಟಿಬಿ ಕೊಟ್ಟ ಹಂಚಿಕೆ ಪತ್ರ, ಕ್ರಯಪತ್ರ ಎಲ್ಲೋ ಇರಬೇಕು. 1903ರಲ್ಲಿ ಹುಟ್ಟಿದ ಆ ಬೋರ್ಡ್ ಈಗಿಲ್ಲ, ಅದರ ಜಾಗಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ ಬಂತು. ಮೂಲಪತ್ರ ಕಳೆದರೆ ನಕಲಿಗೆ ಅಲೆಯುವವರು ನೀವು, ಬ್ರೋಕರ್ ಅಲ್ಲ.

ಇನ್ನು ರಸೀದಿಗಳು. ಮನೆ ಮಾರಿದ ಲಾಭಕ್ಕೆ ತೆರಿಗೆ ಕಟ್ಟಬೇಕಲ್ಲ, ಮಾರಿದ ಬೆಲೆಯಲ್ಲಿ ಅಸಲು ಕಳೆದರೆ ಉಳಿಯುವುದೇ ಲಾಭ. 2001ರ ಏಪ್ರಿಲ್ 1ಕ್ಕೆ ಮುಂಚಿನ ಮನೆಗೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಅಸಲು ಎಂದು ಹಿಡಿಯಬಹುದು. ಆಮೇಲೆ ಕಟ್ಟಿಸಿದ್ದರ ಖರ್ಚೂ ಅಸಲಿಗೆ ಸೇರುತ್ತದೆ. ಅಸಲು ಜಾಸ್ತಿ ಆದಷ್ಟೂ ತೆರಿಗೆ ಕಡಿಮೆ. ಆದರೆ ಆಡಿಟರ್ ಬಿಲ್ಲು ಕೇಳುತ್ತಾರೆ. ಮಹಡಿ ಮೇಲೆ ರೂಮು ಹಾಕಿಸಿದ್ದು 2006ರಲ್ಲಿ ಅಂತ ನೀವೇ ಬರೆದಿದ್ದೀರಿ. ಆ ಇಟ್ಟಿಗೆ, ಕಬ್ಬಿಣದ ಬಿಲ್ಲು ಎಲ್ಲಿರಬಹುದು ಹೇಳಿ?

ಇದೆಲ್ಲ ದುಡ್ಡಿನ ಮಾತಾಯಿತು. ನಾನು ಸೋತಿದ್ದು ನೀವು ಕಳಿಸಿದ ಡೈರಿ ಪುಟದ ಫೋಟೊಗೆ. ಅಕ್ಕಿ, ಸೀಮೆಎಣ್ಣೆ, ಮಗಳ ಫೀಸು. ಕೆಳಗೆ ಒತ್ತಿ ಬರೆದ ಸಾಲು: "ಸಿಮೆಂಟ್ ಪರ್ಮಿಟ್ ಇವತ್ತೂ ಆಗಲಿಲ್ಲ. ಮೇಸ್ತ್ರಿ ಬಂದು ವಾಪಸ್. ಕಾಫಿಗೆ ಎಂಟಾಣೆ." ಆಗ ಸಿಮೆಂಟ್ ಸರ್ಕಾರದ ಹಿಡಿತದಲ್ಲಿತ್ತು. ಅದು ಸ್ವಲ್ಪ ಸಡಿಲವಾದದ್ದೇ 1982ರಲ್ಲಿ. ಮೂಟೆ ಸಿಮೆಂಟಿಗೆ ಕಚೇರಿ ಅಲೆದು ಮನೆ ಎಬ್ಬಿಸಿದವರ ಕಷ್ಟ ಯಾವ ಸರ್ಕಾರಿ ವರದಿಯಲ್ಲಿ ಸಿಗುತ್ತದೆ? ಕೆಲಸ ಆಗದಿದ್ದರೂ ಮೇಸ್ತ್ರಿಯನ್ನು ಬರಿಗೈಲಿ ಕಳಿಸಲಿಲ್ಲವಲ್ಲ ನಿಮ್ಮ ಮಾವ!

ನಿಮ್ಮೂರಿನದೇ ಕತೆ ಇದೆ. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ಕೊಟ್ಟರು. ಅಲ್ಲಿನ ಲೈಬ್ರರಿಯನ್ ಆರ್. ಶಾಮಾಶಾಸ್ತ್ರಿಗಳು ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅಚ್ಚಾಯಿತು. ಆ ಪಂಡಿತರ ಹೆಸರು ಕೂಡ ಉಳಿದಿಲ್ಲ. ಅವರ ಮನೆಯಲ್ಲಿ "ಹಾಳು ಗರಿ, ಒಲೆಗೆ ಹಾಕಿ" ಅನ್ನುವವರು ಇರಲಿಲ್ಲ ಅಂತ ಕಾಣುತ್ತದೆ.

ಈಗಿನ ಮನೆಗಳಿಗೆ ಅಟ್ಟವೇ ಇಲ್ಲ. ಇರುವ ಲಾಫ್ಟಿನಲ್ಲಿ ಸೂಟ್‌ಕೇಸ್ ಬಿಟ್ಟು ಬೇರೇನೂ ಹಿಡಿಸುವುದಿಲ್ಲ. ಲೈಬ್ರರಿಗೆ ಕೊಡೋಣ ಎಂದು ಹೋದರೆ ಜಾಗ ಇಲ್ಲ ಎನ್ನುತ್ತಾರೆ. ಅಜ್ಜಿಯ ಹಂಡೆ, ತಾತನ ರೇಡಿಯೊ ಹೋಟೆಲಿನ ಅಲಂಕಾರಕ್ಕೆ ಬೇಕು, ಕೈ ತುಂಬ ಕೊಟ್ಟು ಒಯ್ಯುತ್ತಾರೆ. ತಾತ ಬರೆದದ್ದು ಮಾತ್ರ ಯಾರಿಗೂ ಬೇಡ. ಮನೆ ಹಗುರ ಮಾಡುವ ವಿದ್ಯೆಗೆ ಜಗತ್ತಿಗೇ ಗುರುವಾದ ಜಪಾನಿನ ಮರಿ ಕೊಂಡೊ, ಮೂರು ಮಕ್ಕಳಾದ ಮೇಲೆ ಓರಣದ ಹಟ ಬಿಟ್ಟಿದ್ದೇನೆ ಎಂದು 2023ರಲ್ಲಿ ಹೇಳಿದ್ದಾರೆ. ನಿಮ್ಮ ಮಗನಿಗೆ ಈ ಸುದ್ದಿ ವಾಟ್ಸಾಪ್ ಮಾಡಿ.

ನಿಮ್ಮ ಮೇಲೂ ಒಂದು ದೂರಿದೆ. ಹಳೇ ಪಂಚಾಂಗಗಳ ಕಟ್ಟನ್ನು ಆಗಲೇ ಕೊಟ್ಟೆ ಅಂದಿರಿ. ಹೆರಿಗೆ ಆದ ಗಳಿಗೆ, ಮದುವೆ ಮಾತಾದ ದಿನ, ಹಸು ಕೊಂಡ ದಿನ ಗುರುತು ಹಾಕುತ್ತಿದ್ದದ್ದು ಅದರ ಅಂಚಿನಲ್ಲೇ ಅಲ್ವಾ? ಮಕ್ಕಳ ಉತ್ತರ ಪತ್ರಿಕೆಯನ್ನು ಹೀಗೆ ತಿರುವಿ ನೋಡದೆ ಕೊಟ್ಟಿದ್ದೀರಾ ಎಂದಾದರೂ?

ಟ್ರಂಕಿನಲ್ಲಿರುವ ನಮ್ಮ ಪತ್ರಿಕೆಯ ಹಳೇ ಸಂಚಿಕೆ ಬೇಕಾ ಎಂದೂ ಕೇಳಿದ್ದೀರಿ. ಖಂಡಿತ ಬೇಕು. ಆ ವರ್ಷಗಳದ್ದು ನಮ್ಮಲ್ಲೇ ಇಲ್ಲ. ನನಗಿಂತ ಮುಂಚೆ ಇಲ್ಲಿದ್ದವರು ಕಚೇರಿ ಬದಲಿಸುವಾಗ ಹಗುರ ಮಾಡಿಕೊಂಡರಂತೆ. ಆಟೋ ಬಾಡಿಗೆ ನಮ್ಮದು.

— ಸಂ.