ಲಾರಿಯ ವಿಮೆ ಕಂಟೈನರ್‌ಗೂ ಬರುತ್ತದೆಯೇ?

ನಮಸ್ಕಾರ. ವೈಟ್‌ಫೀಲ್ಡ್ ಐಸಿಡಿಯಿಂದ (ಒಳನಾಡಿನ ಕಂಟೈನರ್ ಡಿಪೋ) ಹೊಸೂರಿಗೆ ಕಂಟೈನರ್ ಸಾಗಿಸಲು ಹಳೆಯ ಟ್ರೈಲರ್ ಲಾರಿ ಕೊಂಡಿದ್ದೀರಿ, ಲಾರಿಯ ವಿಮೆಯೊಂದೇ ಸಾಕಾ ಎಂದು ಕೇಳಿದ್ದೀರಿ. ಸಾಲದು.

ಕಂಟೈನರ್ ಹಡಗು ಕಂಪನಿಯದು, ಒಳಗಿನ ಸರಕು ಇನ್ನೊಬ್ಬರದು. ಥರ್ಡ್ ಪಾರ್ಟಿ ವಿಮೆಯಲ್ಲಿ ಇವೂ ಸೇರಿವೆ ಎಂದು ತುಂಬಾ ಜನ ನಂಬಿರುತ್ತಾರೆ. ಸೇರಿರುವುದಿಲ್ಲ. ನಿಮ್ಮ ವಶದಲ್ಲಿರುವ ಆಸ್ತಿ, ನಿಮ್ಮ ಗಾಡಿ ಹೊತ್ತಿರುವ ಸರಕು ಎರಡೂ ಅದರಿಂದ ಹೊರಗೆ. ಗಾಡಿ ಮಗುಚಿದರೆ ಅಷ್ಟೂ ನಿಮ್ಮ ಮೇಲೆ ಬೀಳಬಹುದು. ಅದಕ್ಕೇ ಕ್ಯಾರಿಯರ್ಸ್ ಲೀಗಲ್ ಲಯಬಿಲಿಟಿ ಪಾಲಿಸಿ, ಅಂದರೆ ಸಾಗಿಸುವ ಸರಕಿಗೆ ಹಾನಿಯಾದರೆ ಸಾಗಣೆದಾರನ ಮೇಲೆ ಬೀಳುವ ಹೊಣೆಗೆ ಇರುವ ವಿಮೆ, ಮಾಡಿಸಿ. ಸರಕಿನ ಜೊತೆ ಕಂಟೈನರ್‌ಗೂ ಅದು ಅನ್ವಯಿಸುತ್ತದೆಯೇ ಎಂದು ಬರಹದಲ್ಲೇ ತರಿಸಿಕೊಳ್ಳಿ, ಬಾಯಿಮಾತು ಬೇಡ.

ಎಂಜಿನ್ ಇರುವ ಮುಂಭಾಗಕ್ಕೂ ಹಿಂದಿನ ಟ್ರೈಲರ್‌ಗೂ ಬೇರೆ ಬೇರೆ ಆರ್‌ಸಿ ಇರುತ್ತದೆ. ಎರಡೂ ನಿಮ್ಮ ಹೆಸರಿಗೆ ಆಗಿವೆಯಾ, ಎರಡಕ್ಕೂ ವಿಮೆ ಇದೆಯಾ ನೋಡಿ. ಹೊಸೂರು ತಮಿಳುನಾಡು ಅಲ್ವಾ, ನ್ಯಾಷನಲ್ ಪರ್ಮಿಟ್ ಮಾಡಿಸಿ.

ನೀವೇ ಎಲ್‌ಆರ್ (ಸರಕು ಪಡೆದ ಲಾರಿ ರಸೀದಿ) ಬರೆದು ಸರಕು ಒಪ್ಪಿಕೊಳ್ಳುವುದಾದರೆ 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಕಾಮನ್ ಕ್ಯಾರಿಯರ್ (ಬಾಡಿಗೆಗೆ ಎಲ್ಲರ ಸರಕು ಸಾಗಿಸುವವರು) ನೋಂದಣಿಯೂ ಬೇಕು. ಅದು 10 ವರ್ಷ ನಡೆಯುತ್ತದೆ.

ಇನ್ನು ಡಿಪೋ ಗೇಟಿನಲ್ಲಿ ಇಐಆರ್‌ಗೆ (ಕಂಟೈನರ್ ಕೈಬದಲಾಗುವಾಗ ಅದರ ಸ್ಥಿತಿ ಬರೆದಿಡುವ ರಸೀದಿ) ಸುಮ್ನೆ ಸಹಿ ಹಾಕಬೇಡಿ. ಮೊದಲು ಕಂಟೈನರ್‌ನ ನಾಲ್ಕೂ ಬದಿ ಫೋಟೋ ತೆಗೆಯಿರಿ. ಹಳೆಯ ತಗ್ಗು, ತೂತು ಇಐಆರ್‌ನಲ್ಲಿ ಬರೆಸದಿದ್ದರೆ, ಖಾಲಿ ಕಂಟೈನರ್ ವಾಪಸ್ ಕೊಡುವಾಗ ರಿಪೇರಿ ಬಿಲ್ ನಿಮ್ಮ ತಲೆಗೇ ಬರುತ್ತದೆ.