ಎಷ್ಟು ಓದಿದರೂ ಮನಸ್ಸು ಹಗುರಾಗುತ್ತಿಲ್ಲ, ಏನು ಓದಲಿ?

ತಿಂಗಳಿಗೆ ನಾಲ್ಕೈದು ಪುಸ್ತಕ ಮುಗಿಸುತ್ತೀರಿ, ಆದರೂ ಬದುಕು ಹಾಗೇ ಇದೆ, ಮಾತಾಡಲು ಗೆಳೆಯರೂ ಉಳಿದಿಲ್ಲ ಎಂದು ಬರೆದಿದ್ದೀರಿ. ನಾನು ಬೀದರಿನವನು. ಪುಸ್ತಕದ ಪಟ್ಟಿ ಕೊಡುವುದಿಲ್ಲ, ನಮ್ಮೂರಿನ ಒಂದು ಸಂಗತಿ ಹೇಳುತ್ತೇನೆ.

ಹಳೇ ಊರಿನಲ್ಲಿ ಮಹಮೂದ್ ಗವಾನನ ಮದರಸಾ ಇದೆ. ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಗವಾನ್ 1472ರಲ್ಲಿ ಕಟ್ಟಿಸಿದ್ದು. ಮೂರು ಅಂತಸ್ತು, ಒಳಗೆ ಸುಮಾರು 3000 ಹಸ್ತಪ್ರತಿಗಳಿದ್ದವಂತೆ. ಮುಂದಿನ ಎರಡು ಮಿನಾರುಗಳಲ್ಲಿ ಈಗ ಒಂದೇ ಉಳಿದಿದೆ. ಅಷ್ಟು ಓದಿದ ಮನುಷ್ಯನ ಜೀವ ಹೋದದ್ದು ಒಂದು ಪತ್ರದಿಂದ. ಆಗದವರು ಖಾಲಿ ಕಾಗದಕ್ಕೆ ಅವನ ಮುದ್ರೆ ಹಾಕಿಸಿಕೊಂಡರು. ಒಡಿಶಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆದಂತೆ ಅದರಲ್ಲಿ ಬರೆದರು. ಮುದ್ರೆ ತನ್ನದೇ, ಪತ್ರ ಮಾತ್ರ ತನ್ನದಲ್ಲ ಎಂದು ಗವಾನ್ ಹೇಳಿದರೂ ಸುಲ್ತಾನ ಕೇಳಲಿಲ್ಲ. 1481ರಲ್ಲಿ ಕೊಲ್ಲಿಸಿಬಿಟ್ಟ. ಆಮೇಲೆ ಸತ್ಯ ಗೊತ್ತಾಗಿ ಕೊರಗಿದ. ಒಂದು ವರ್ಷದೊಳಗೆ ತಾನೂ ತೀರಿಕೊಂಡ.

ಶಾಲೆಯಲ್ಲಿ ಇದನ್ನು ಇಸವಿಗೋಸ್ಕರ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ನನಗೇ ಅಂಥದ್ದು ಆದಾಗ. ನನ್ನ ಗೆಳೆಯನೊಬ್ಬ ಬಿದರಿ ಕೆಲಸ, ಅಂದರೆ ಲೋಹದ ಪಾತ್ರೆಗಳಲ್ಲಿ ಬೆಳ್ಳಿ ಕೂರಿಸುವ ಕುಸುರಿ, ಮಾಡುತ್ತಾನೆ. ಒಮ್ಮೆ ಫೋನಿಗೆ 'ಇನ್ನು ಸಾಕು ಬಿಡು' ಎಂದು ಮೆಸೇಜ್ ಹಾಕಿದ. ಕೊಟ್ಟ ಸಾಲ ಪೂರ್ತಿ ತೀರಿತು ಎಂದು ಅವನ ಅರ್ಥ. ನಾನು ಸ್ನೇಹವೇ ಸಾಕು ಅಂದ ಎಂದುಕೊಂಡೆ. ಎಂಟು ತಿಂಗಳು ಮಾತಿಲ್ಲ! ಅವನ ಅಂಗಡಿ ಇರುವುದು ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಹೋಗಿ ಕೇಳಬಹುದಿತ್ತು, ಅಲ್ವಾ? ಆ ಎಂಟು ತಿಂಗಳಲ್ಲಿ ನಾನೂ ನಿಮ್ಮಂತೆ ಸಿಕ್ಕಾಪಟ್ಟೆ ಓದಿದೆ. ಒಂದೂ ನೆನಪಿಲ್ಲ.

ಈಗ ವಾರಕ್ಕೆ ಎರಡು ಸಂಜೆ ಅವನ ಅಂಗಡಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತೇನೆ. ಅವನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೆತ್ತಿದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸುತ್ತಾ ಕೇಳುತ್ತಾನೆ. ನಡುವೆ ತಡೆದು, "ಅವಾ ಹಂಗ್ಯಾಕ ಮಾಡ್ದ?" ಅಂತಾನೆ. ಉತ್ತರ ಹೇಳಲು ಹೋದರೆ ನನಗೇ ಗೊತ್ತಿರುವುದಿಲ್ಲ. ಹಿಂದಿನ ಪುಟಕ್ಕೆ ಹೋಗುತ್ತೇವೆ. ಒಂದು ಪುಸ್ತಕಕ್ಕೆ ನಾಲ್ಕು ತಿಂಗಳು ಹಿಡಿದದ್ದೂ ಇದೆ. ನನ್ನ ಮಟ್ಟಿಗೆ ಓದು ಶುರುವಾದದ್ದೇ ಆ ಅಂಗಡಿಯಲ್ಲಿ.

ಕಾಲೇಜಿನ ರೂಮ್‌ಮೇಟ್ ಒಬ್ಬರ ಜೊತೆ ಸಂಪರ್ಕ ತಪ್ಪಿದೆ ಎಂದು ನೀವೇ ಕೊನೆಗೆ ಬರೆದಿದ್ದೀರಿ. ಮೆಸೇಜ್ ಬೇಡ, ಫೋನ್ ಮಾಡಿ. ಈಗ ಓದುತ್ತಿರುವ ಪುಸ್ತಕದಲ್ಲಿ ಅರ್ಥವಾಗದ ಒಂದು ಪುಟವನ್ನು ಅವರಿಗೆ ಓದಿ ಹೇಳಿ.

ಬೀದರ ಕೋಟೆಯ ಮಣ್ಣಿಗೆ ನವಸಾಗರ ಎಂಬ ಲವಣ ಬೆರೆಸಿ, ಬಿಸಿ ಮಾಡಿದ ಹೂಜಿಗೆ ಸವರುವ ದಿನ ಮಾತ್ರ ನಾವು ಓದುವುದಿಲ್ಲ. ಲೋಹ ಕಪ್ಪಾಗಿ ಬೆಳ್ಳಿ ಬೆಳ್ಳಗೆ ಎದ್ದು ಬರುವುದನ್ನು ಇಬ್ಬರೂ ಸುಮ್ನೆ ನೋಡುತ್ತಾ ಕೂರುತ್ತೇವೆ.