ಶನಿವಾರ ಗೆಳೆಯರೊಂದಿಗೆ ಕೂತಾಗ ಮಿತಿಯಲ್ಲಿ ಕುಡಿಯುವುದು ಹೇಗೆ?

"ವಾರವಿಡೀ ಮುಟ್ಟುವುದಿಲ್ಲ, ಶನಿವಾರ ಗೆಳೆಯರ ಜೊತೆ ಕೂತರೆ ಮಾತ್ರ ನಿಲ್ಲಿಸಲಾಗುವುದಿಲ್ಲ" ಎಂದು ನೀವು ಬರೆದಿದ್ದೀರಿ. ಇದೇ ಮಾತನ್ನು ನನ್ನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಹೆಂಡತಿಗೆ ಹೇಳಿದ್ದೆ, ಅದೂ ಸಮರ್ಥನೆಯ ದನಿಯಲ್ಲಿ.

ಹಾಸನದಲ್ಲಿ ಒಟ್ಟಿಗೆ ಓದಿದ ನಾವು ಐವರು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆವು. ಮದುವೆಯಾಯಿತು, ಮಕ್ಕಳಾದವು, ಮನೆಸಾಲದ ಕಂತು ಶುರುವಾಯಿತು; ಆದರೆ ತಲಾ ಒಂದು ಕ್ವಾರ್ಟರ್ ಮುಗಿದ ಮೇಲೆಯೇ ಮಾತು ಕಳೆಗಟ್ಟುವ ಪದ್ಧತಿ ಹಾಸ್ಟೆಲಿನಲ್ಲಿ ಇದ್ದಂತೆಯೇ ಉಳಿಯಿತು. 30 ಎಂ.ಎಲ್. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ, ಒಮ್ಮೆ ಕೂತಾಗ 60 ಗ್ರಾಂ ಒಳಗೆ ಹೋದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಿಪರೀತ ಕುಡಿತದ ಲೆಕ್ಕಕ್ಕೆ ಹಾಕುತ್ತದೆ. 180 ಎಂ.ಎಲ್.ನ ಕ್ವಾರ್ಟರ್ ಎಂದರೆ ಹೆಚ್ಚುಕಡಿಮೆ ಅಷ್ಟೇ. ನಮಗೆ ಅದು ಪೀಠಿಕೆಯಾಗಿತ್ತು.

ಆ ವರ್ಷ ನಾನು ಅಯ್ಯಪ್ಪನ ಮಾಲೆ ಹಾಕಿದೆ. ಭಕ್ತಿ ಇರಲಿಲ್ಲವೆಂದಲ್ಲ, ಆದರೆ ಕುಡಿತ ಬಿಡಲು ಅದೊಂದು ದಾರಿಯೆಂಬ ಲೆಕ್ಕಾಚಾರವೂ ಇತ್ತು. 41 ದಿನ ಒಂದು ಹನಿ ಮುಟ್ಟಲಿಲ್ಲ. ಮನಸ್ಸು ಮಾಡಿದರೆ ಬಿಡಬಲ್ಲೆ, ಆದ್ದರಿಂದ ನಾನು ಕುಡುಕನಲ್ಲ ಎಂದು ತೀರ್ಮಾನಿಸಿಕೊಂಡೆ. ನಾನು ಮಾಡಿದ ತಪ್ಪು ಇದೇ, ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಮಾಲೆ ಹಾಕಿದವನನ್ನು ಊರೆಲ್ಲ 'ಸ್ವಾಮಿ' ಎನ್ನುತ್ತದೆ, ಅವನ ಕೈಗೆ ಯಾರೂ ಲೋಟ ಕೊಡುವುದಿಲ್ಲ, 'ಒಂದೇ ಒಂದು ಪೆಗ್, ನಮಗೋಸ್ಕರ' ಎಂದು ಯಾರೂ ಒತ್ತಾಯಿಸುವುದಿಲ್ಲ. ಅಷ್ಟೂ ದಿನ 'ಬೇಡ' ಎನ್ನುವ ಕೆಲಸವನ್ನು ನನ್ನ ಪರವಾಗಿ ಮಾಲೆಯೇ ಮಾಡಿತು. ನನ್ನ ನಾಲಿಗೆಗೆ ಆ ಪದ ಒಮ್ಮೆಯೂ ಅಭ್ಯಾಸವಾಗಲಿಲ್ಲ. ಜೊತೆಗೆ ವ್ರತಕ್ಕೆ ಕೊನೆಯ ದಿನವೆಂಬುದು ಇತ್ತು, ಅದನ್ನು ನನಗಿಂತ ನಿಷ್ಠೆಯಿಂದ ಗೆಳೆಯರು ಎಣಿಸುತ್ತಿದ್ದರು.

ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮೊದಲ ಶನಿವಾರವೇ ಪಾರ್ಟಿ ಏರ್ಪಟ್ಟಿತು. ಒಂದೂವರೆ ತಿಂಗಳು ಬಿಟ್ಟಿದ್ದ ಮೈಗೆ ಹಳೆಯ ಅಳತೆ ತಡೆಯುವುದಿಲ್ಲವೆಂಬುದು ನನಗೆ ತಿಳಿದಿರಲಿಲ್ಲ. ಆ ರಾತ್ರಿ ಸ್ಕೂಟರ್ ಓಡಿಸಿದವನು ನಾನು. ರಸ್ತೆಯ ವಿಭಜಕಕ್ಕೆ ಗುದ್ದಿದಾಗ ನನ್ನ ಭುಜದ ಮೂಳೆ ಮುರಿಯಿತು. ಹಿಂದೆ ಕೂತಿದ್ದ ಗೆಳೆಯನ ತೊಡೆಗೆ ರಾಡು ಹಾಕಬೇಕಾಯಿತು, ಅವನು ಇಂದಿಗೂ ಸ್ವಲ್ಪ ಕುಂಟುತ್ತಾನೆ.

ಆದ್ದರಿಂದ ಮಿತಿಯಲ್ಲಿ ಕುಡಿಯುವುದು ಹೇಗೆಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡಕ್ಕೆ ನಿಲ್ಲಿಸಬಲ್ಲವನು ಇಂಥ ಪ್ರಶ್ನೆ ಕೇಳುವುದಿಲ್ಲ, ಮೂರನೆಯದು ಬೇಕೋ ಬೇಡವೋ ಎಂದು ನಿರ್ಧರಿಸಬೇಕಾದ ಬುದ್ಧಿ ಎರಡನೆಯದರಲ್ಲೇ ಮುಳುಗಿರುತ್ತದೆ. ಗೆಳೆಯರ ಮೇಲೆ ಹೊರಿಸುವುದನ್ನೂ ಬಿಡಿ. ನನ್ನ ಬಾಯಿಗೆ ಯಾರೂ ಸುರಿಯಲಿಲ್ಲ. ಮಾತ್ರೆ ನುಂಗುತ್ತಿದ್ದೇನೆ, ಶ್ರಾವಣ ಮುಗಿಯಲಿ ಎಂಬಂಥ ಗಡುವಿರುವ ನೆಪಗಳನ್ನು ಹೇಳಬೇಡಿ. "ನಾನು ಬಿಟ್ಟಿದ್ದೇನೆ" ಎಂದಷ್ಟೇ ಹೇಳಿ, ಮೊದಲ ಕೆಲವು ಸಲ ನಗುತ್ತಾರೆ, ನಗಲಿ.

ನನಗೆ ಅದೂ ಸಾಲಲಿಲ್ಲ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಹೋದೆ, ಕುಡಿಯುವ ಹಂಬಲ ತಗ್ಗಿಸುವ ಔಷಧಿಗಳಿವೆಯೆಂಬುದು ಅಲ್ಲಿಯೇ ತಿಳಿದದ್ದು. ಹೊರಗೆ ಹೋಗಲು ಸಂಕೋಚವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ, ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕುಡಿಯದ ದಿನ ಬೆಳಿಗ್ಗೆ ಕೈ ನಡುಗುತ್ತಿದ್ದರೆ ಮಾತ್ರ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯವಿದೆ. ಮೊದಲು ವೈದ್ಯರನ್ನು ಕಾಣಿ.

ಐವರಲ್ಲಿ ಮೂವರು ನನ್ನಿಂದ ದೂರವಾದರು. ಉಳಿದವನು ಆ ಗೆಳೆಯನೇ. ಈಗ ನಾವಿಬ್ಬರು ಭಾನುವಾರ ಬೆಳಿಗ್ಗೆ ದೋಸೆ ತಿನ್ನಲು ಹೋಗುತ್ತೇವೆ, ಸ್ಕೂಟರನ್ನು ಅವನೇ ಓಡಿಸುತ್ತಾನೆ.